ಶ್ರಾವ್ಯಳಿಗೆ ಬರೆದ ಸಾಲು

ಊರ್ಮಿಳಾ ಮೂರು ವರ್ಷ ಕೂತು ಕಟ್ಟಿದ್ದ ಇಂಟ್ರಾನೆಟ್ಟನ್ನು ಚಿರಂತನ ಎಲ್ಲರೆದುರು ‘ಮ್ಯೂಸಿಯಂ’ ಎಂದು ಕರೆದ ದಿನವೇ ಅವರಿಬ್ಬರ ಸ್ನೇಹ ಮುರಿದುಬಿತ್ತು.

ಡಚ್ ಊರಾದ ವೆಲ್ಡ್‌ಹೋವನ್ನಿನಲ್ಲಿ ಅವರಿಬ್ಬರೂ ಕೆಲಸ ಮಾಡುತ್ತಿದ್ದ ಕಂಪನಿ ಚಿಪ್ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ಕೊರೋನಾ ಬಂದು ಕಚೇರಿಯವರೆಲ್ಲ ಮನೆ ಸೇರಿದ ಮೇಲೆ, ರಜೆಯ ನಿಯಮದಿಂದ ಹಿಡಿದು ಸೋಂಕು ತಗುಲಿದರೆ ಯಾರಿಗೆ ತಿಳಿಸಬೇಕೆಂಬುದರ ತನಕ ಎಲ್ಲವೂ ಊರ್ಮಿಳಾಳ ಇಂಟ್ರಾನೆಟ್ಟಿನಲ್ಲೇ, ಕಂಪನಿಯ ಆ ಒಳಜಾಲತಾಣದಲ್ಲೇ, ಸಿಗುತ್ತಿತ್ತು. ಆದರೆ ಅದನ್ನು ತೆರೆದು ಓದುವವರು ಕಡಿಮೆ. ಚಿರಂತನನ ತಂಡದವರು ತಾವಾಗಿಯೇ ಒಂದು ಚಾಟ್ ಶುರುಮಾಡಿಕೊಂಡರು. ಬೇಸಿಗೆ ಮುಗಿಯುವಷ್ಟರಲ್ಲಿ ಅರ್ಧ ಕಂಪನಿ ಅದರೊಳಗಿತ್ತು. ಎರಡನ್ನೂ ಸಾಕಲಾಗದು, ವರ್ಷದ ಕೊನೆಗೆ ಒಂದನ್ನು ಆರಿಸುತ್ತೇವೆ ಎಂದಳು ಅವರಿಬ್ಬರ ಮೇಲಿನ ಮ್ಯಾನೇಜರ್ ಮಾರ್ಲೋಸ್. ಅಲ್ಲಿಯವರೆಗೆ ಚಾಟ್‌ನ ಉಸ್ತುವಾರಿಯನ್ನು ಚಿರಂತನನಿಗೇ ಕೊಟ್ಟಳು.

ಮೊದಲೆಲ್ಲ ಊರ್ಮಿಳಾ, ಚಿರಂತನ ಇಬ್ಬರೂ ಒಟ್ಟಿಗೆ ಸೈಕಲ್ ತುಳಿದು ಕಚೇರಿಗೆ ಹೋಗಿಬರುತ್ತಿದ್ದವರು. ಯುಗಾದಿಗೆ ಅವನ ಮನೆಯ ಒಬ್ಬಟ್ಟು ಇವಳ ಮನೆಗೆ ಬರುತ್ತಿತ್ತು. ಈಗ ಸಭೆಗಳಲ್ಲಿ ಅವನು ಇವಳ ಮಾತು ಮುಗಿಯಗೊಡುತ್ತಿರಲಿಲ್ಲ. ಇವಳೇನೂ ಕಡಿಮೆಯಿರಲಿಲ್ಲ. ಕಚೇರಿ ತೆರೆದಿದೆಯೆಂದು ಅವನು ಚಾಟ್‌ನಲ್ಲಿ ಹಾಕಿದ್ದ ಒಂದು ತಪ್ಪು ಸೂಚನೆಯನ್ನು ಹುಡುಕಿ ತೆಗೆದು, ಅದನ್ನು ನಂಬಿ ಬಂದು ಮುಚ್ಚಿದ ಬಾಗಿಲೆದುರು ನಿಂತವರ ಹೆಸರು ಸಮೇತ ಮಾರ್ಲೋಸ್‌ಗೆ ಕಳಿಸಿದಳು. ಮಾರ್ಲೋಸ್ ಬೆಳಿಗ್ಗೆ ಇವಳಿಗೆ ಹೂಂ ಅಂದರೆ ಮಧ್ಯಾಹ್ನ ಅವನಿಗೆ ಹೂಂ ಅನ್ನುವಳು.

ನವೆಂಬರಿನ ಒಂದು ಮಧ್ಯಾಹ್ನ ಮಾರ್ಲೋಸ್ ವಿಡಿಯೋ ಕರೆ ಮಾಡಿದಳು. ಕ್ಷೇಮ ಸಮಾಚಾರ ಕೇಳಲಿಲ್ಲ. ತನಗೆ ಬೆನ್ನುಮೂಳೆಯೇ ಇಲ್ಲವೆಂದು ನೀನು ಬರೆದದ್ದು ನಿಜವೇ ಎಂದು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು.

ಊರ್ಮಿಳಾಳಿಗೆ ತಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು. ಮಾಸ್ಟ್ರಿಕ್ಟ್‌ನಲ್ಲಿ ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಶ್ರಾವ್ಯಳಿಗೆ ಹಿಂದಿನ ವಾರ ಅದೇ ಚಾಟ್‌ನಲ್ಲಿ ಖಾಸಗಿಯಾಗಿ ಒಂದು ಸಾಲು ಬರೆದಿದ್ದಳು, ಕನ್ನಡದಲ್ಲಿ: ‘ಗಾಳಿ ಬಂದ ಕಡೆ ತೂರಿಕೊಳ್ಳೋ ಹೆಂಗಸು ಈ ಮಾರ್ಲೋಸ್.’ ಬೆನ್ನುಮೂಳೆಯ ಮಾತು ಅದರಲ್ಲಿರಲಿಲ್ಲ. ಯಾರೋ ಅದನ್ನು ಇನ್ನಷ್ಟು ಹರಿತ ಮಾಡಿ ಇಂಗ್ಲಿಷಿಗೆ ಇಳಿಸಿದ್ದರು. ಕಂಪನಿಯಲ್ಲಿ ಕನ್ನಡ ಬಲ್ಲವರಿದ್ದದ್ದು ಮೂವರೇ. ಬರೆದದ್ದು ಹೌದು, ಆದರೆ ಆ ಮಾತನ್ನಲ್ಲ ಎಂದು ಅವಳು ಹೇಳುವಷ್ಟರಲ್ಲಿ ಮಾರ್ಲೋಸ್ ಕರೆ ಕಡಿದಿದ್ದಳು.

ಊರ್ಮಿಳಾ ಶ್ರಾವ್ಯಳಿಗೆ ಫೋನ್ ಮಾಡಿ, ನೀನು ಯಾರಿಗಾದರೂ ಹೇಳಿದೆಯಾ ಎಂದು ಕೇಳಿದಳು.

“ಅಕ್ಕಾ, ನಾನ್ಯಾಕೆ ಹೇಳ್ಲಿ? ಅದರ ಕೆಳಗೆ ನಾನೂ ಹೌದು ಅಂತ ಬರ್ದಿದೀನಲ್ಲ. ನನ್ನ ವರ್ಕ್ ಪರ್ಮಿಟ್ ಬೇರೆ ರಿನ್ಯೂ ಆಗ್ಬೇಕು,” ಎಂದು ಆ ಹುಡುಗಿ ಅಳತೊಡಗಿದಳು.

ಅವಳನ್ನು ಸಮಾಧಾನ ಮಾಡಿ ಊರ್ಮಿಳಾ ಚಿರಂತನನಿಗೆ ಕರೆ ಮಾಡಿದಳು. ಚಾಟ್‌ನ ಉಸ್ತುವಾರಿ ಕೈಯಲ್ಲಿದ್ದವನಿಗೆ ಯಾರ ಖಾಸಗಿ ಮಾತನ್ನಾದರೂ ಡೌನ್‌ಲೋಡ್ ಮಾಡಿಕೊಂಡು ಓದಲು ಸಾಧ್ಯವಿತ್ತು. ಅವನು ಇಲ್ಲವೆನ್ನಲೂ ಇಲ್ಲ.

“ಕಂಪನಿ ಟೂಲಲ್ಲಿ ಬರ್ದಿದ್ದು ಕಂಪನೀದೇ. ನೀವು ಬರೀಬಾರದಾಗಿತ್ತು,” ಎಂದ. ಇಷ್ಟು ವರ್ಷ ನೀನು ಎನ್ನುತ್ತಿದ್ದವನ ಬಾಯಲ್ಲಿ ಆ ‘ನೀವು’ ಬೈಗುಳದ ಹಾಗೆ ಕೇಳಿಸಿತು.

“ಬರ್ದಿದ್ದು ನನ್ನ ತಪ್ಪು ಚಿರಂತನ. ಕದ್ದು ಓದಿದ್ದು ನಿಂದು. ಇಲ್ಲದ ಮಾತು ಸೇರ್ಸಿದ್ದೂ ನಿಂದೇ.”

ನಿಮ್ಮ ಮ್ಯೂಸಿಯಂ ಹೇಗೂ ಮುಚ್ಚುತ್ತದೆ ಎಂದು ಹೇಳಿ ಅವನು ಫೋನಿಟ್ಟ.

ದೂರು ಕೊಟ್ಟರೆ ಆ ಸಾಲು ಇಡೀ ಕಂಪನಿಗೆ ಗೊತ್ತಾಗುತ್ತದೆಂದು ಅವಳಿಗೆ ತಿಳಿದಿತ್ತು. ಎರಡು ದಿನ ನುಂಗಿಕೊಂಡಿದ್ದಳು. ಮೂರನೆಯ ದಿನ, ಎರಡರಲ್ಲಿ ಯಾವುದನ್ನು ಉಳಿಸಬೇಕೆಂದು ಇಂಥದ್ದಕ್ಕೆ ಒಪ್ಪಿಗೆ ಕೊಡಬೇಕಾದ ನೌಕರರ ಮಂಡಳಿ ಆನ್‌ಲೈನ್ ಸಭೆ ಸೇರಿದಾಗ ತಾನೇ ಆ ಸಾಲನ್ನು ಗಟ್ಟಿಯಾಗಿ ಓದಿ, ಮಾರ್ಲೋಸ್ ಕೇಳುತ್ತಿರುವಂತೆಯೇ ಅದರ ಅರ್ಥವನ್ನೂ ಹೇಳಿಬಿಟ್ಟಳು. ಯಾರಿಗೆ ಬರೆದದ್ದೆಂದು ಹೇಳಲಿಲ್ಲ. ಇದನ್ನು ಚಿರಂತನ ಯಾವ ಹಕ್ಕಿನಿಂದ ಓದಿದ ಎಂದು ಮಾತ್ರ ಕೇಳಿದಳು.

ಸುಮ್ಮನೆ ಪರೀಕ್ಷಿಸಲು ತೆಗೆದದ್ದು ಎಂದ ಚಿರಂತನ. ಹಾಗಾದರೆ ಅವಳೊಬ್ಬಳದನ್ನೇ ಏಕೆ ತೆಗೆದಿರಿ ಎಂದರು ಮಂಡಳಿಯ ಹಿರಿಯರು. ಮಾರ್ಲೋಸ್ ತನ್ನ ಕ್ಯಾಮೆರಾ ಆಫ್ ಮಾಡಿದಳು.

ಆದರೂ ಗೆದ್ದದ್ದು ಚಾಟೇ. ಜನಕ್ಕೆ ಅದು ಬೇಕಿತ್ತು. ಉಸ್ತುವಾರಿಯನ್ನು ಚಿರಂತನನಿಂದ ಕಿತ್ತುಕೊಂಡು, ಖಾಸಗಿ ಮಾತುಗಳನ್ನು ಮಂಡಳಿಯ ಒಪ್ಪಿಗೆಯಿಲ್ಲದೆ ಯಾರೂ ತೆರೆಯಬಾರದೆಂದು ಕಟ್ಟಳೆ ಮಾಡಿದರು. ಇಂಟ್ರಾನೆಟ್ ಡಿಸೆಂಬರಿನಲ್ಲಿ ಮುಚ್ಚಿತು. ಮಾರ್ಲೋಸ್ ಮತ್ತೆ ಊರ್ಮಿಳಾಳಿಗೆ ಕರೆ ಮಾಡಲೇ ಇಲ್ಲ. ಹೊಸ ವರ್ಷದಲ್ಲಿ ಊರ್ಮಿಳಾ ಹಾರ್ಲೆಮ್‌ನಲ್ಲಿ ಬೇರೆ ಕೆಲಸ ಹಿಡಿದಳು.

ಲ್ಯಾಪ್‌ಟಾಪ್ ಒಪ್ಪಿಸಲು ಬಂದ ದಿನ ಖಾಲಿ ಕಚೇರಿಯ ಕಾರಿಡಾರಿನಲ್ಲಿ ಚಿರಂತನ ಎದುರಾದ. ಮಾಸ್ಕ್ ಮೂಗಿನ ಮೇಲಕ್ಕೆಳೆದು ಗೋಡೆಗೆ ಸರಿದು ನಿಂತ.

“ಇಷ್ಟು ದೂರ ಎಳೀಬೇಕಾಗಿರ್ಲಿಲ್ಲ,” ಎಂದ.

“ಶ್ರಾವ್ಯ ಬರ್ದಿದ್ದನ್ನೂ ಎಲ್ಲಾದ್ರೂ ತೋರ್ಸಿ ನೋಡು. ಇನ್ನೂ ದೂರ ಎಳೀತೀನಿ,” ಎಂದು ಹೇಳಿ ಅವಳು ನಿಲ್ಲದೆ ನಡೆದಳು.