ರೂಢಿಯ ಕೈ

"ಹಿಸುಕಿ," ಅಂದ ವಿಮೆ ಕಂಪನಿಯ ಅಧಿಕಾರಿ. "ಇರೋ ಬಲ ಎಲ್ಲಾ ಹಾಕಿ ಹಿಸುಕಿ."

ಮೇಜಿನ ಮೇಲಿದ್ದ ರಬ್ಬರ್ ಚೆಂಡನ್ನು ಅವಳು ಎಡಗೈಗೆ ತೆಗೆದುಕೊಂಡಳು. ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳೂ ಮಡಚಲಿಲ್ಲ. ಚೆಂಡು ಜಾರಿ ಕುರ್ಚಿಯ ಕೆಳಗೆ ಉರುಳಿತು. ಅಧಿಕಾರಿ ಬಗ್ಗಿ ಅದನ್ನೆತ್ತಿಟ್ಟು ಹಾಳೆಯಲ್ಲಿ ಗುರುತು ಹಾಕಿಕೊಂಡ. ನಾಲ್ಕು ತಿಂಗಳ ಹಿಂದೆ ಅವಳು ಕೆಲಸ ಮುಗಿಸಿ ಬರುತ್ತಿದ್ದಾಗ, ಹಿಂದೆ ನೋಡದೆ ಹಿಂದಕ್ಕೆ ಬಂದ ಕಾರೊಂದು ಅವಳನ್ನು ದೀಪದ ಕಂಬಕ್ಕೆ ಒತ್ತಿ, ಆ ಕೈಯನ್ನು ಜಜ್ಜಿತ್ತು. ಕಾರಿನವನು ತಪ್ಪು ಒಪ್ಪಿಕೊಂಡಿದ್ದ. ಇನ್ನು ಉಳಿದದ್ದು, ಹೋದ ಕೈಗೆ ಎಷ್ಟು ಕೊಡಬೇಕು ಎಂದು ಅಂದಾಜು ಕಟ್ಟುವ ಕೆಲಸ.

"ಆಸ್ಪತ್ರೆ ಖರ್ಚು ಪೂರ್ತಿ ಬರುತ್ತೆ. ನೋವಿಗೂ ಸ್ವಲ್ಪ ಬರುತ್ತೆ. ಕೆಲಸದ ನಷ್ಟ..." ಅಧಿಕಾರಿ ಆ ಜಾಗದಲ್ಲಿ ಅಡ್ಡಗೆರೆ ಎಳೆದ. "ಇದು ಬರಲ್ಲ."

"ಯಾಕೆ ಬರಲ್ಲ ಸಾರ್? ಸಮವಸ್ತ್ರ ಹೊಲಿಯೋ ಅಂಗಡೀಲಿ ಇಪ್ಪತ್ತೆರಡು ವರ್ಷದಿಂದ ಕಟಿಂಗ್ ನಂದೇ. ಈ ಊರಿನ ಅರ್ಧ ಮಕ್ಕಳ ಅಂಗಿ ನಾನು ಕತ್ತರಿಸಿದ್ದು."

"ಸರಿ ಅಮ್ಮಾ, ಯಾರು ಇಲ್ಲ ಅಂದ್ರು? ಆದ್ರೆ ಪೆಟ್ಟಾಗಿರೋದು ಎಡಗೈಗೆ. ಕತ್ತರಿ ಹಿಡಿಯೋ ಕೈ ಚೆನ್ನಾಗೇ ಇದೆಯಲ್ಲ."

ಅವನು ಆಸ್ಪತ್ರೆಯ ಕಾಗದವನ್ನು ಅವಳ ಕಡೆ ತಿರುಗಿಸಿದ. 'ರೂಢಿಯ ಕೈ' ಎಂದು ಅಚ್ಚಾದ ಕಡೆ, ಯಾರೋ ನೀಲಿ ಶಾಯಿಯಲ್ಲಿ 'ಬಲ' ಎಂದು ಬರೆದಿದ್ದರು.

"ತಪ್ಪು ಬರ್ದಿದಾರೆ. ನಾನು ಎಡಚಿ."

ಹೊರಗಿನವರ ಮುಂದೆ ಆ ಮಾತನ್ನು ತಾನೇ ಬಾಯಿಬಿಟ್ಟು ಹೇಳಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು.

"ಈಗ ತಾನೇ ನನ್ನೆದುರಿಗೇ ಬಲಗೈಲಿ ಸಹಿ ಹಾಕಿದ್ರಲ್ಲ?"

"ಬರೆಯೋದು ಮಾತ್ರ ಬಲಗೈಲಿ. ಶಾಲೇಲಿ ಹೊಡೆದು ಕಲಿಸಿದ್ದು ಅದು. ನಾನು ಬರೆದು ಹೊಟ್ಟೆ ಹೊರೆದೋಳಲ್ಲ."

ಚೀಲಕ್ಕೆ ಕೈಹಾಕಿ ಅವಳು ಕತ್ತರಿ ತೆಗೆದಳು. ಕಮ್ಮಾರನ ಹತ್ತಿರ ಮೂರು ಸಲ ಅಲೆದು, ಎಡಗೈಗೆ ಹೊಂದುವಂತೆ ಅಲಗುಗಳನ್ನು ಅದಲುಬದಲಾಗಿ ಕೂರಿಸಿ ಮಾಡಿಸಿಕೊಂಡ ಕತ್ತರಿ. ಅಧಿಕಾರಿ ಅದನ್ನು ಬಲಗೈಯಲ್ಲಿ ಹಿಡಿದು ಒಂದು ಹಳೇ ಕಾಗದಕ್ಕೆ ಹಚ್ಚಿದ. ಕಾಗದ ತುಂಡಾಗದೆ ಅಲಗುಗಳ ನಡುವೆ ಮಡಚಿಕೊಂಡು ಕಚ್ಚಿ ಕೂತಿತು.

"ಮೊಂಡಾಗಿದೆ ನಿಮ್ಮ ಕತ್ತರಿ."

"ಮೊಂಡಾಗಿರೋದು ಕತ್ತರಿ ಅಲ್ಲ ಸಾರ್."

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡ. ಅಧಿಕಾರಿಯ ಮುಖ ಬಿಗಿಯಾಯಿತು.

"ನೋಡಿ ಅಮ್ಮಾ, ಪರಿಹಾರ ಅಂದ ಕೂಡ್ಲೇ ಎಲ್ಲರಿಗೂ ದುಡಿಯೋ ಕೈಗೇ ಪೆಟ್ಟಾಗಿರುತ್ತೆ. ಅಂಗಡಿಯವರ ಚೀಟಿ ತರ್ತೀನಿ ಅನ್ಬೇಡಿ, ಅವರು ನಿಮ್ಮ ಕಡೆಯವರೇ. ಆಸ್ಪತ್ರೇಲಿ ಈ ವಿವರ ಕೊಟ್ಟವರು ಯಾರೋ, ಅವರೇ ಬಂದು ತಪ್ಪು ಹೇಳಿದ್ವಿ ಅಂತ ಹೇಳಿಕೆ ಕೊಡ್ಲಿ. ಸೋಮವಾರ ನಿಮ್ಮ ಕಡತ ಮುಚ್ತೀನಿ."

"ಕೊಟ್ಟೋರು ಯಾರು?"

ಅವನು ಕಾಗದದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. 'ತಾಯಿ' ಎಂದಿತ್ತು.

ಅವಳು ಮನೆಗೆ ಬಂದಾಗ ತಾಯಿ ಬಟಾಣಿ ಸುಲಿಯುತ್ತಿದ್ದಳು. ಚಪ್ಪಲಿಯನ್ನೂ ಬಿಡದೆ ಮಗಳು ಎದುರಿಗೆ ನಿಂತಳು.

"ಆಸ್ಪತ್ರೇಲಿ ನನ್ನ ಕೈ ವಿಷಯ ಏನಂತ ಹೇಳಿದೆ?"

"ಏನ್ ಹೇಳ್ದೆ? ನರ್ಸಮ್ಮ ಕೇಳಿದ್ಲು, ಹೇಳ್ದೆ."

"ಬಲಗೈಯೋಳು ಅಂತ!"

ತಾಯಿ ಒಂದು ಸಿಪ್ಪೆ ಬಿಡಿಸಿ, ಕಾಳುಗಳನ್ನು ಬಟ್ಟಲಿಗೆ ಉದುರಿಸಿದಳು. "ಸುತ್ತ ಅಷ್ಟು ಜನ ನಿಂತಿದ್ರು. ಮತ್ತೇನು, ನನ್ನ ಮಗಳು ಎಡಚಿ ಅಂತ ಡಂಗುರ ಹೊಡೀಬೇಕಿತ್ತಾ?"

"ನಾನು ಅಲ್ಲಿ ಸಾಯ್ತಾ ಬಿದ್ದಿದ್ದೆ ಕಣಮ್ಮಾ."

"ಸಾಯೋಳಿಗೂ ಒಂದು ಮರ್ಯಾದೆ ಬೇಡ್ವಾ?"

ಮಗಳು ಬಟ್ಟಲಿಗೆ ಒದ್ದಳು. ಕಾಳು ಮನೆ ತುಂಬ ಹಾರಿ, ಮಂಚದ ಕೆಳಗೂ ಬಾಗಿಲ ಸಂದಿಗೂ ಓಡಿತು.

"ಮರ್ಯಾದೆ! ಈ ಕೈಯನ್ನ ಸೊಂಟಕ್ಕೆ ಕಟ್ಟಿದೆ. ಊಟಕ್ಕೆ ಕೂತ್ರೆ ಸೌಟಲ್ಲಿ ಬಾರಿಸಿದೆ. ಮದುವೆ ಮಾತಾಡೋ ದಿನ ಬಂದೋರೆದುರು ಈ ಕೈ ಹೊರಗೆ ಬರಬಾರದು ಅಂತ ಮಡಿಲಲ್ಲಿ ನಿನ್ನ ತಂಗಿ ಮಗು ಹೇರಿ ಕೂರಿಸಿದೆ. ಗಂಡ ಸತ್ತು ವಾಪಸು ಬಂದ ಮೇಲೆ ಇದೇ ಕೈ ದುಡಿದು ಹಾಕಿದ್ದನ್ನ ಇಪ್ಪತ್ತೆರಡು ವರ್ಷ ಉಂಡೆಯಲ್ಲ, ಉಣ್ಣೋವಾಗ ಎಡದ್ದು ಅಂತ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?"

"ಕೂಗ್ಬೇಡ. ಪಕ್ಕದ ಮನೆಯೋರಿಗೆ ಕೇಳ್ಸುತ್ತೆ."

"ಕೇಳ್ಲಿ! ಸೋಮವಾರದೊಳಗೆ ಬಂದು, ಸುಳ್ಳು ಹೇಳ್ದೆ ಅಂತ ಒಂದು ಮಾತು ಹೇಳು. ಅಷ್ಟೇ."

"ಈ ವಯಸ್ಸಲ್ಲಿ ಆಫೀಸಿಗೆ ಹೋಗಿ ಸುಳ್ಳಿ ಅನ್ನಿಸ್ಕೊಳ್ಳಲಾ? ನನ್ನ ಕೈಲಾಗಲ್ಲ," ಎಂದು ಮುದುಕಿ ನೆಲಕ್ಕೆ ಕೈಯೂರಿ ಒಂದೊಂದೇ ಕಾಳು ಹೆಕ್ಕತೊಡಗಿದಳು.

ಆಮೇಲೆ ಮೂರು ದಿನ ಮನೆಯಲ್ಲಿ ಮಾತಿಲ್ಲ. ಮಗಳು ಬಲಗೈಗೆ ಪೇಟೆಯಿಂದ ಕೊಂಡು ತಂದ ಮಾಮೂಲಿ ಕತ್ತರಿ ಕೊಟ್ಟು, ಹಳೇ ಬೆಡ್‌ಶೀಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಲು ನೋಡಿದಳು. ಕತ್ತರಿ ಗೆರೆ ಬಿಟ್ಟು ಕುಡಿದವನ ಹಾಗೆ ನಡೆಯಿತು. ತಾಯಿ ಒಲೆಯ ಹತ್ತಿರ ನಿಂತು ನೋಡಿಯೂ ನೋಡದವಳ ಹಾಗೆ ಇದ್ದಳು.

ಭಾನುವಾರ ಅಂಗಡಿಯ ಮಾಲೀಕ ಬಂದ. ಒಳ್ಳೆಯ ಮನುಷ್ಯ, ಅದಕ್ಕೇ ಒಳಗೆ ಬರಲು ನಾಚಿದ. ಮಗಳು ನೀರು ತರಲು ಹೋಗಿದ್ದಳು. ಅವನು ಬಾಗಿಲಲ್ಲೇ ಮುದುಕಿಯ ಕೈಗೆ ಒಂದು ಪೊಟ್ಟಣ ಕೊಟ್ಟ. ಅದರಲ್ಲಿ ಅವಳ ಅಳತೆ ಟೇಪು, ಸೀಮೆಸುಣ್ಣದ ಡಬ್ಬಿ, ನಿಂತು ಕೆಲಸ ಮಾಡುವಾಗ ಕಾಲಡಿಗೆ ಹಾಕಿಕೊಳ್ಳುತ್ತಿದ್ದ ಗೋಣಿತುಂಡು ಇದ್ದವು.

"ಶಾಲೆ ಶುರುವಾಗೋ ಕಾಲ ಅಮ್ಮಾ. ಎಷ್ಟು ದಿನ ಅಂತ ಮೇಜು ಖಾಲಿ ಬಿಡ್ಲಿ? ಬೇರೆಯವರನ್ನ ಹಾಕಿದೀನಿ. ಕಟಿಂಗ್ ಅಕ್ಕನಿಗೆ ನೀವೇ ಹೇಳ್ಬಿಡಿ."

ಮುದುಕಿ ಹೇಳಲಿಲ್ಲ. ಪೊಟ್ಟಣವನ್ನು ಮಗಳ ಹಾಸಿಗೆಯ ಮೇಲಿಟ್ಟಳು. ಮಗಳು ಬಂದು ನೋಡಿದಳು, ಬಿಚ್ಚಲಿಲ್ಲ. ಅವಳಿಗೆ ಅದರ ಆಕಾರವೇ ಸಾಕಾಯಿತು.

ಸೋಮವಾರ ಬೆಳಿಗ್ಗೆ ತಾಯಿ ತಲೆ ಬಾಚಿ, ಹೊರಗೆ ಹೋಗುವ ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಂತಳು.

"ಎಲ್ಲೇ ಅದು, ನಿನ್ನ ಆಫೀಸು? ನಡಿ."

ಅಧಿಕಾರಿ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ದೊಡ್ಡ ದನಿಯಲ್ಲಿ ಕೇಳಿದ, ಕಿವಿ ಕೇಳದವರಿಗೆ ಕೇಳುವ ಹಾಗೆ: "ನಿಮ್ಮ ಮಗಳು ಕೆಲಸ ಮಾಡೋದು ಯಾವ ಕೈಲಿ ಅಮ್ಮಾ?"

"ಕಿರುಚ್ಬೇಡಿ, ಕಿವಿ ನೆಟ್ಟಗಿದೆ." ಮುದುಕಿ ಸೆರಗು ಸರಿಮಾಡಿಕೊಂಡಳು. "ಹುಟ್ಟಿದಾಗ ಎರಡೂ ಕೈ ಚೆನ್ನಾಗೇ ಇತ್ತು..."

"ಅದಲ್ಲ. ಬಲ ಅನ್ನಿ, ಎಡ ಅನ್ನಿ. ಒಂದೇ ಮಾತು."

ಮಗಳು ಕಿಟಕಿಯ ಹತ್ತಿರ ಹಲ್ಲು ಕಚ್ಚಿ ನಿಂತಿದ್ದಳು. ತಾಯಿ ಅವಳ ಕಡೆ ನೋಡಲಿಲ್ಲ.

"ಎಡ," ಅಂದಳು. "ಎಡಚಿ ಇವಳು. ಕೂಸಾಗಿದ್ದಾಗ್ಲೇ ಎಡಗೈಲಿ ನನ್ನ ಜಡೆ ಎಳೀತಿದ್ಲು. ಆ ಕೈನ ನಾನೇ ಎರಡು ವರ್ಷ ಕಟ್ಟಿ ಹಾಕಿದ್ದೆ. ಮಲಗಿದ ಮೇಲೆ ಬಿಚ್ತಿದ್ದೆ. ಬಿಚ್ಚಿದ ತಕ್ಷಣ ನಿದ್ದೇಲೇ ಅದು ನನ್ನನ್ನ ಹುಡುಕ್ಕೊಂಡು ಬರ್ತಿತ್ತು. ಬರ್ಕೊಳ್ಳಿ."

"ಅಂದ್ರೆ ಆಸ್ಪತ್ರೇಲಿ ಸುಳ್ಳು ಹೇಳಿದ್ರಿ."

"ಹೂಂ, ಹೇಳ್ದೆ. ಅದನ್ನೂ ಬರ್ಕೊಳ್ಳಿ. ಎದ್ದು ಕಾಣೋ ಹಾಗೆ ಬರೀರಿ."

ಮಗಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು. ನಲವತ್ತು ವರ್ಷ ಈ ಮಾತಿಗೆ ಕಾದಿದ್ದಳು. ಮನೆಯೊಳಗೆ, ತನ್ನೊಬ್ಬಳಿಗೇ ಎಂದು ಒಂದು ಸಲ ಬಂದಿದ್ದರೂ ಸಾಕಿತ್ತು. ಬಂದದ್ದು ಇಲ್ಲಿ, ಕಡತ ಮುಚ್ಚುವವನ ಮುಂದೆ.

ಅಧಿಕಾರಿ ಅಡ್ಡಗೆರೆ ಎಳೆದಿದ್ದ ಹಾಳೆಯನ್ನು ಹೊಡೆದು ಹಾಕಿ ಹೊಸದೊಂದನ್ನು ತೆಗೆದ. ಕೆಲಸದ ನಷ್ಟ ಎಂಬ ಕಡೆ ಇಪ್ಪತ್ತೆರಡು ವರ್ಷವನ್ನೂ ಸಂಬಳವನ್ನೂ ಕೇಳಿ ಬರೆದುಕೊಂಡ. ಆಮೇಲೆ ಹೇಳಿಕೆಯ ಕಾಗದವನ್ನು ಮುದುಕಿಯ ಮುಂದೆ ಸರಿಸಿದ.

"ಸಹಿ ಬರುತ್ತಾ?"

"ಅದೊಂದು ಬರಲ್ಲ."

ಗುಮಾಸ್ತ ಶಾಯಿಯ ಡಬ್ಬಿ ತೆರೆದು ಹಿಡಿದ. ಮುದುಕಿ ಬಲಗೈ ಹೆಬ್ಬೆರಳು ಚಾಚಿದಳು.

"ಅದಲ್ಲ ಅಜ್ಜೀ. ಎಡಗೈದು. ನಮ್ಮಲ್ಲಿ ಎಡಗೈ ಹೆಬ್ಬೆಟ್ಟೇ ಆಗಬೇಕು."

ಚಾಚಿದ ಕೈ ಹಾಗೇ ನಿಂತಿತು. ಗುಮಾಸ್ತ ಹಿಡಿದು ಒತ್ತಿಸಲು ಬಂದ. "ಬಿಡಪ್ಪಾ, ನನಗೆ ಬರುತ್ತೆ," ಎಂದು ಮುದುಕಿ ಎಡಗೈಯ ಹೆಬ್ಬೆರಳನ್ನು ಶಾಯಿಗೆ ಅದ್ದಿ, ಕಾಗದದ ಮೇಲೆ ತಾನೇ ಒತ್ತಿದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ತಾಯಿ ಕಪ್ಪಾದ ಹೆಬ್ಬೆರಳನ್ನು ಬಟ್ಟೆಗೆ ತಾಗದಂತೆ ಮೇಲೆತ್ತಿ ಹಿಡಿದಿದ್ದಳು. ತಿರುವಿನಲ್ಲಿ ಬಸ್ಸು ವಾಲಿದಾಗ, ಬೀಳದಿರಲು ಆ ಕೈಯಿಂದಲೇ ಮುಂದಿನ ಸೀಟಿನ ಕಂಬಿ ಹಿಡಿದಳು. ಬಸ್ಸು ನೆಟ್ಟಗಾಗಿ ಅವಳು ಕೈ ತೆಗೆದ ಮೇಲೂ ಕಂಬಿಯ ಮೇಲೆ ಗುರುತು ಹಸಿಹಸಿಯಾಗಿ ಹೊಳೆಯುತ್ತಿತ್ತು.