ಗೆರೆ ಅಳಿದ ಹೆಬ್ಬೆರಳು

ಮತ್ತೆ ಕೆಂಪು ದೀಪ, ಒತ್ತಿ ಇಡ್ರಮ್ಮ ಅನ್ನುತ್ತಿದ್ದಾನೆ ಸಂಘಕ್ಕೆ ಸಾಲ ಹಂಚಲು ಬಂದ ಮುರಳಿಮೋಹನ್, ಒತ್ತೇ ಇಟ್ಟಿದೀನಪ್ಪ ಅನ್ನುತ್ತಾಳೆ ಮೆಹಬೂಬ್ ಬೀ, ಬೆರಳಗುರುತು ನೋಡೋ ಪುಟ್ಟ ಮಿಷಿನ್ನಿನ ಗಾಜಿನ ಮೇಲೆ ಅವಳ ಹೆಬ್ಬೆರಳು, ಬೆಳ್ಳಗೆ, ನುಣ್ಣಗೆ — ಇಪ್ಪತ್ತು ವರ್ಷ ಕುದಿನೀರಿನಲ್ಲಿ ರೇಷ್ಮೆಗೂಡು ಕೆದಕಿ ಎಳೆ ಹಿಡಿದ ಬೆರಳು, ಗೆರೆ ಎಲ್ಲಿ ಉಳಿಯಬೇಕು, ಅಂದುಕೊಂಡಳು ವೆಂಕಟರತ್ನಮ್ಮ, ತನ್ನದೇ ಮನೆಯ ಜಗಲಿಯಲ್ಲಿ ಸರದಿ ಕಾಯುತ್ತ. ಗುರುತು ಹತ್ತದಿದ್ರೆ ಸಾಲ ಇಲ್ಲಮ್ಮ, ಕಣ್ಣು ನೋಡೋ ಮಿಷಿನ್ನು ಚಿಕ್ಕಬಳ್ಳಾಪುರದ ಆಫೀಸಲ್ಲಿದೆ, ಇನ್ನು ಸೋಮವಾರವೇ. ಸೋಮವಾರದವರೆಗೆ ಗೂಡು ಕೊಳ್ಳದಿದ್ದರೆ ಮೆಹಬೂಬ್ ಬೀಯ ಒಲೆ ಆರುತ್ತದೆ, ಚರಕ ನಿಲ್ಲುತ್ತದೆ, ಕೆಲಸದ ಹೆಂಗಸರು ಬೇರೆ ಕಡೆ ಹೋಗುತ್ತಾರೆ — ವೆಂಕಟರತ್ನಮ್ಮ ಒಳಗಿಂದ ಭೋಗನಂದೀಶ್ವರನ ವಿಭೂತಿ ತಂದು ಆ ಬೆರಳಿಗೆ ಉಜ್ಜಿದ್ದೂ ಆಯಿತು, ನಿಮ್ ದೇವ್ರ ಮಾತು ನನ್ ಬೆರಳು ಕೇಳುತ್ತೇನಕ್ಕ, ಕೇಳುತ್ತೆ ಕಣೇ, ನೀನೇ ಯಾರ ಮಾತೂ ಕೇಳಲ್ಲ, ಇಬ್ಬರೂ ನಕ್ಕರು, ದೀಪ ಮಾತ್ರ ಕೆಂಪು. ಮೊನ್ನೆ ಇವನೇ ಫಾರಂ ಹಿಡಿದು ಕೇಳಿದ್ದನಲ್ಲ, ಓದೆಷ್ಟು, ಮಕ್ಕಳೆಷ್ಟು, ಜಮೀನೆಷ್ಟು, ಕೆಲವರ ಕಂತು ಯಾಕೆ ತಪ್ಪುತ್ತೆ, ಕೆಲವರದು ಯಾಕೆ ತಪ್ಪಲ್ಲ, ಓದು ಇಲ್ಲ ಜಮೀನು ಇಲ್ಲ ಅಂದಿದ್ದಳು ಮೆಹಬೂಬ್ ಬೀ, ಮತ್ತೆ ಹೆಂಗಮ್ಮ ಕಟ್ತೀರ, ಬುಧವಾರ ಬರುತ್ತಲ್ಲಪ್ಪ, ಕಟ್ತೀನಿ — ಹೌದು, ಅವಳ ಗಂಡ ಖಲೀಮುಲ್ಲಾ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕಂತಿನ ಬುಧವಾರ ಬಂದಿತ್ತು, ನೂಲು ತೆಗೆದ ಮೇಲೆ ಉಳಿದ ಸತ್ತ ಹುಳು ಮಾರಿ ಕಂತು ತಂದಿದ್ದಳು, ನೋಟಿಗೆಲ್ಲ ಅದೇ ವಾಸನೆ, ದೇವರ ಮುಂದೆ ಹೂವಿಟ್ಟ ಹಾಗೆ ಸಂಘದ ಚಾಪೆಯ ಮೇಲಿಟ್ಟು ಆ ಬೆರಳಿನಿಂದ ಒಂದೊಂದನ್ನೂ ನೀವಿದ್ದಳು, ಯಾರೂ ಮೂಗು ಮುಚ್ಚಲಿಲ್ಲ. ವೆಂಕಟರತ್ನಮ್ಮ, ಸೀಮೆಹಸು ಸಾಲ, ಬನ್ನಿ, ಕರೆದ ಮುರಳಿಮೋಹನ್ — ಹಸು, ಕೆಂಚಾರ್ಲಹಳ್ಳಿಯಲ್ಲಿ ನೋಡಿಟ್ಟು ಬಂದ ಹಸು, ಎರಡು ವರ್ಷದ ಆಸೆ, ಮೈ ಸವರಿದರೆ ತಿರುಗಿ ನೋಡಿತ್ತು, ಬೇರೆಯವರು ಹೊಡೆದುಕೊಂಡು ಹೋದರೆ ಹೋಗಲಿ, ನನ್ನಪ್ಪ ನಂದೀಶ ಇನ್ನೊಂದು ತೋರಿಸುತ್ತಾನೆ — ಬೆರಳಿಟ್ಟಳು, ಹಸಿರು, ಒಂದೇ ಸಲಕ್ಕೆ. ಎಣಿಸಿ ಕೊಟ್ಟ ಕಟ್ಟನ್ನು ಹಾಗೇ ಮೆಹಬೂಬ್ ಬೀಯ ಮಡಿಲಿಗೆ ಹಾಕಿದಳು. ಅವ್ರು ಕಟ್ಟದಿದ್ರೆ ನಿಮ್ ತಲೆ ಮೇಲೆ ಬರುತ್ತಮ್ಮ. ಬುಧವಾರ ಬರುತ್ತೆ ಬಿಡಪ್ಪ. ಅಕ್ಕ, ಹಸು, ಅಂದಳು ಮೆಹಬೂಬ್ ಬೀ, ವೆಂಕಟರತ್ನಮ್ಮನ ಕಣ್ಣು ಅವಳ ಕೈಯ ಮೇಲೆ ನಿಂತಿತು, ಕಟ್ಟಿನ ಮೇಲೆ ಒತ್ತಿ ಹಿಡಿದಿದ್ದಾಳೆ, ಬೆಳ್ಳಗೆ, ನುಣ್ಣಗೆ, ಗೆರೆಗಳೆಲ್ಲ ಯಾರದೋ ಮದುವೆ ಸೀರೆಗೆ ಎಳೆಯಾಗಿ ಹೋದ ಆ ಹೆಬ್ಬೆರಳು —