ಗುರುವಾರದ ಒಪ್ಪತ್ತು

ಓದುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆ ಕಟ್ಟಿದವರು ಜಯತೀರ್ಥನನ್ನು ಕಂಡಿರಲಿಕ್ಕಿಲ್ಲ. ಕಂಡಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದರು. ನ್ಯೂಯಾರ್ಕಿಗೆ ಹತ್ತಿರದ ಮೆಟುಚೆನ್ ಆಸುಪಾಸಿನ ಕನ್ನಡದವರಲ್ಲಿ ಆಚಾರವೆಂದರೆ ಅವನದು. ಯಾರ ಮನೆಗೆ ಹೋದರೂ ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ವಿಚಾರಿಸದೆ ಚಮಚ ಎತ್ತುತ್ತಿರಲಿಲ್ಲ. ಗುರುವಾರ ರಾಯರ ವಾರ, ಒಪ್ಪತ್ತು. ಅಂದು ಮನೆಯಿಂದ ಊಟದ ಡಬ್ಬಿ ಒಯ್ಯುವುದಿಲ್ಲ. ಅದೇ ಗುರುವಾರ ಮಧ್ಯಾಹ್ನ ಈ ಮಹಾನುಭಾವ ನೆವಾರ್ಕಿನ ಆಫೀಸಿನಿಂದ ಇಳಿದು, ರೈಲ್ವೆ ಸ್ಟೇಷನ್ನಿನ ಹಿಂದಿರುವ ಫೆರ್ರಿ ಸ್ಟ್ರೀಟಿಗೆ ನಡೆದು, ಪೋರ್ಚುಗೀಸರ ಹೋಟೆಲೊಂದರ ಮೂಲೆಯ ಮೇಜಿನಲ್ಲಿ ಕೂತು ಕೆಂಡದ ಮೇಲೆ ಸುಟ್ಟ ಮೀನು ತಿನ್ನುತ್ತಿದ್ದ.

ಮೊದಲ ಸಲ ಬಾಯಿಗಿಟ್ಟದ್ದು ಆಫೀಸಿನವರ ದಾಕ್ಷಿಣ್ಯಕ್ಕೆ. ಎರಡನೆಯ ಸಲ ದಾಕ್ಷಿಣ್ಯ ಬೇಕಾಗಲಿಲ್ಲ. ತಿಂದು, ನಿಂಬೆಹೋಳಿನಿಂದ ಕೈ ಉಜ್ಜಿ, ಏಲಕ್ಕಿ ಜಗಿದು ಸಂಜೆಯ ರೈಲು ಹತ್ತುತ್ತಿದ್ದ. ನಾಚಿಕೆಯಾಗುತ್ತಿರಲಿಲ್ಲವೇ ಎಂದರೆ, ಆಗುತ್ತಿತ್ತು. ಮೀನು ತಿಂದದ್ದಕ್ಕಲ್ಲ, ಹೆಂಡತಿಯ ಮುಖ ನೆನಪಾಗಿ.

ನಿರುಪಮಾ ಮಂಗಳೂರಿನ ಕೊಂಕಣಿಯವಳು, ಮೀನು ತಿಂದೇ ಬೆಳೆದವಳು. ಜಯತೀರ್ಥ ಅಲ್ಲಿ ಕೆಲಸಕ್ಕಿದ್ದಾಗ ಮೆಚ್ಚಿ ಮದುವೆಯಾದ. ಮೈಸೂರಿನಲ್ಲಿದ್ದ ಅವನ ತಾಯಿ ಹೇಗೋ ಒಪ್ಪಿಕೊಂಡಿದ್ದರು. ಮೀನು ಬಿಡಲೇಬೇಕೆಂದು ಪಟ್ಟು ಹಿಡಿದವನು ಇವನೇ. ಅವಳು ತುಳಸಿಕಟ್ಟೆಯ ಮುಂದೆ ನಿಂತು ಬಿಟ್ಟೆ ಎಂದಳು. ಬಿಟ್ಟಳು. ಮೆಟುಚೆನ್ನಿಗೆ ಬಂದ ಹೊಸದರಲ್ಲಿ ಪಕ್ಕದ ಮನೆಯ ಇಟಾಲಿಯನ್ ಮುದುಕಿ ಮೀನು ಹುರಿಯುವಾಗ ನಿರುಪಮಾ ಅಡುಗೆಮನೆಯ ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದಳು. ಜಯತೀರ್ಥ ಬಂದು ಕಿಟಕಿಯನ್ನು ದಡಕ್ಕನೆ ಮುಚ್ಚಿದ. "ಬಿಟ್ಮೇಲೆ ವಾಸನೇನೂ ಬಿಡ್ಬೇಕು" ಎಂದ. ಆಮೇಲೆ ಅವಳು ಆ ಕಿಟಕಿಯ ಬಳಿ ನಿಂತದ್ದನ್ನು ಅವನು ಕಂಡಿಲ್ಲ.

ಅಷ್ಟೇ ಆಗಿದ್ದರೆ ಹೇಗೋ ಜೀರ್ಣಿಸಿಕೊಳ್ಳುತ್ತಿದ್ದ. ಗಂಡ ಹಸಿದಿರುವಾಗ ತನಗೊಬ್ಬಳಿಗೆ ಅನ್ನ ಇಳಿಯುವುದಿಲ್ಲವೆಂದು ಅವಳೂ ಗುರುವಾರ ಒಪ್ಪತ್ತು ಹಿಡಿದಳು. ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಅವಲಕ್ಕಿ, ಬಾಳೆಹಣ್ಣು ತಿನ್ನುವರು. ಪಾಪ, ನಿಮಗೆ ಆಫೀಸಿನಲ್ಲಿ ಸುಸ್ತಾಗುತ್ತದೋ ಏನೋ ಎಂದು ಅವಳು ತನ್ನ ಪಾಲಿನ ಹಣ್ಣನ್ನೂ ಅವನ ತಟ್ಟೆಗೆ ಹಾಕುವಳು. ನೀನು ಉಪವಾಸ ಮಾಡಬೇಡ ಎನ್ನಲು ಅವನು ಎಷ್ಟೋ ಸಲ ಬಾಯಿ ತೆರೆದ. ಅಷ್ಟು ಹೇಳಿದರೆ ಎಲ್ಲವನ್ನೂ ಹೇಳಬೇಕು, ಎಲ್ಲವನ್ನೂ ಹೇಳಿದರೆ ಅವಳ ಕಣ್ಣಲ್ಲಿ ತಾನು ಮೂರು ಕಾಸಿನವನಾಗುತ್ತೇನೆ ಎಂದು ಮತ್ತೆ ಮುಚ್ಚಿಕೊಂಡ.

ಎಪ್ಪತ್ತೈದರ ಜೂನಿನಲ್ಲಿ ಗ್ರೀನ್ ಕಾರ್ಡಿನ ಇಂಟರ್‌ವ್ಯೂಗೆ ಗಂಡಹೆಂಡಿರಿಬ್ಬರನ್ನೂ ನೆವಾರ್ಕಿಗೆ ಕರೆದರು. ಅಂದು ಗುರುವಾರ. ಊರೆಲ್ಲ ಸುತ್ತಿದರೂ ಕಾರು ನಿಲ್ಲಿಸಲು ಜಾಗ ಸಿಕ್ಕಿದ್ದು ಫೆರ್ರಿ ಸ್ಟ್ರೀಟಿನಲ್ಲಿ. ಕೆಲಸ ಮುಗಿಸಿ ಹಿಂದಿರುಗುವಾಗ ಮಧ್ಯಾಹ್ನ ಬಹಳ ದಾಟಿತ್ತು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ನ್ಯೂಯಾರ್ಕಿನಿಂದ ಮೀನು ತಿನ್ನಲೆಂದೇ ಬರುವ ಜನ ಹೋಟೆಲುಗಳ ಮುಂದೆ ಗುಂಪುಗುಂಪಾಗಿ ನಿಂತಿದ್ದರು. ಜಯತೀರ್ಥ ಎದುರುಗಡೆಯ ಫುಟ್‌ಪಾತ್ ಹಿಡಿದು ತಲೆ ತಗ್ಗಿಸಿ ಬೇಗಬೇಗ ನಡೆಯುತ್ತಿದ್ದ. ಹಿಂದಿದ್ದ ನಿರುಪಮಾ ದೀಪದ ಕಂಬ ಹಿಡಿದುಕೊಂಡು ನಿಂತಳು. ಕಣ್ಣು ಕತ್ತಲೆ ಬರುತ್ತದೆ ಎಂದಳು.

ಹೆಂಡತಿ ಕುಸಿಯುತ್ತಿರುವಾಗ ಅವನ ಕಣ್ಣು ಮೊದಲು ಹೋದದ್ದು ತನ್ನ ಗುರುವಾರದ ಹೋಟೆಲಿನ ಬಾಗಿಲಿಗೆ, ಗುರುತಿನ ಸಪ್ಲೈಯರ್ ಅರ್ಮಿಂದು ಅಲ್ಲಿದ್ದಾನೋ ಎಂದು. ಆ ಒಂದು ನೋಟಕ್ಕೆ ಅವನು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಅರ್ಮಿಂದು ಅಲ್ಲೇ ಇದ್ದ. ರಸ್ತೆ ದಾಟಿ ಓಡಿಬಂದು, ನಿರುಪಮಾಳನ್ನು ಕೈಹಿಡಿದು ಒಳಗೆ ಕರೆದೊಯ್ದು, ಫ್ಯಾನಿನ ಕೆಳಗೆ ಕೂರಿಸಿ ಕಿತ್ತಳೆ ರಸ ಕುಡಿಸಿದ. ಅವಳ ಮುಖಕ್ಕೆ ಬಣ್ಣ ಬಂತು. ಆಮೇಲೆ ಅವನಿಗೆ ಎಲ್ಲಿಲ್ಲದ ಸಡಗರ. ಮಿಸ್ಟರ್ ಜೇ ಒಮ್ಮೆಯಾದರೂ ಹೆಂಡತಿಯನ್ನು ಕರೆತಂದರಲ್ಲ ಎಂದು ಹಿಗ್ಗಿ, ಕೇಳದೆಯೇ ಎಂದಿನ ತಟ್ಟೆ ತಂದಿಟ್ಟ. ಸುಟ್ಟ ಸಾರ್ಡೀನು, ಬೇಯಿಸಿದ ಆಲೂಗಡ್ಡೆ, ನಿಂಬೆಹೋಳು. ನಿಮ್ಮ ಗಂಡ ಎವ್ರಿ ಥರ್ಸ್‌ಡೇ ಬರುತ್ತಾರೆ, ನಮ್ಮ ಚರ್ಚಿಗೆ ಬರುವವರೂ ಇಷ್ಟು ನಿಯಮದಿಂದ ಬರುವುದಿಲ್ಲ ಎಂದು ಅವಳಿಗೆ ಹೊಗಳಿ ಹೇಳಿ, ಬೇರೆ ಮೇಜಿಗೆ ಹೋದ.

"ಗುರುವಾರವಾ?" ಎಂದಳು ನಿರುಪಮಾ.

ಜಯತೀರ್ಥ ತಲೆ ಎತ್ತಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳು ಅತ್ತಾಳು, ಎದ್ದು ಹೋದಾಳು ಎಂದು ಕಾದ. ಅವಳು ತಟ್ಟೆಯನ್ನೇ ನೋಡುತ್ತಿದ್ದಳು. "ಬೂತಾಯಿ" ಎಂದಳು ಮೆಲ್ಲಗೆ, ಮಂಗಳೂರಿನಲ್ಲಿ ಆ ಮೀನಿಗಿರುವ ಹೆಸರು ಹಿಡಿದು, ಊರಿನವರು ಯಾರೋ ಸಿಕ್ಕಿದ ಹಾಗೆ. ಏನು ಮಾಡಬೇಕೆಂದು ತೋಚದೆ ಅವನು ಫೋರ್ಕು ಚಾಕು ಎತ್ತಿ ಮೀನನ್ನು ಅಡ್ಡಾದಿಡ್ಡಿ ಕೊಯ್ದ. ಇಷ್ಟು ಗುರುವಾರ ತಿಂದರೂ ಮುಳ್ಳು ಬಿಡಿಸುವ ವಿದ್ಯೆ ಅವನಿಗೆ ಹತ್ತಿರಲಿಲ್ಲ; ಸಿಕ್ಕಿದ್ದನ್ನು ಅಗಿದು ಮುಳ್ಳನ್ನು ಕಾಗದಕ್ಕೆ ಉಗುಳುತ್ತಿದ್ದ.

ನಿರುಪಮಾ ಒಂದು ಕ್ಷಣ ನೋಡಿದಳು. ಆಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳಿನಿಂದ ಮೀನಿನ ಬೆನ್ನು ಬಿಡಿಸಿ, ಬಾಲ ಹಿಡಿದು ನಡುಮುಳ್ಳನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟಳು. ಒಂದಾದ ಮೇಲೆ ಒಂದು ಎಲ್ಲವನ್ನೂ ಹಾಗೆಯೇ ಬಿಡಿಸಿದಳು. ತಟ್ಟೆಯನ್ನು ಅವನ ಮುಂದೆ ಸರಿಸಿದಳು.

"ಮುಳ್ಳು ತೆಗೆದಿದ್ದೇನೆ. ತಿನ್ನಿ."

"ನೀನೂ ತಿನ್ನು, ನಿರು." ಎಂದ. "ನಾನೇ ಹೇಳ್ತಿದೀನಿ."

"ನಾನು ಬಿಟ್ಟಿದ್ದೇನಲ್ಲ. ಮತ್ತೆ ಇವತ್ತು ಒಪ್ಪತ್ತುಂಟು."

ದನಿಯಲ್ಲಿ ಕುಟುಕಿರಲಿಲ್ಲ. ಕುಟುಕಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ದೂರದಿಂದ ಅರ್ಮಿಂದು ಖುಷಿಯಿಂದ ನೋಡುತ್ತಿದ್ದ, ಎದುರಿಗೆ ಹೆಂಡತಿ ಕಾಯುತ್ತಿದ್ದಳು. ಜಯತೀರ್ಥ ತಿಂದ. ಒಂದೊಂದು ತುತ್ತಿಗೂ ನೀರು ಕುಡಿದು ಇಳಿಸಿದ. ತಟ್ಟೆ ಖಾಲಿಯಾದ ಮೇಲೆ ಅವಳು ಕೇಳಿದ್ದು ಒಂದೇ ಮಾತು. "ಬರುವ ಗುರುವಾರ ಡಬ್ಬಿ ಕಟ್ಟಬೇಕಾ, ಬೇಡ್ವಾ?"

ಅವನು ದುಡ್ಡು ಎಣಿಸಿ ಮೇಜಿನ ಮೇಲಿಟ್ಟು ಎದ್ದ.

ಇಬ್ಬರೂ ಕಾರಿನಲ್ಲಿ ಮನೆಗೆ ಹೊರಟರು. ಸೆಕೆಗೆ ಕಿಟಕಿಗಳೆಲ್ಲ ತೆರೆದಿದ್ದವು. ಹೋಟೆಲಿನಲ್ಲಿ ನಿರುಪಮಾ ಕೈ ತೊಳೆದಿರಲಿಲ್ಲ, ಕಾಗದದಲ್ಲಿ ಒರೆಸಿಕೊಂಡಿದ್ದಳು ಅಷ್ಟೆ. ಗಂಡ ರಸ್ತೆ ನೋಡುತ್ತಿದ್ದಾನೆಂದು ಎಣಿಸಿ ಅವಳು ಬೆರಳುಗಳನ್ನು ಮೂಗಿನ ಹತ್ತಿರ ತಂದು ಹಾಗೆಯೇ ಹಿಡಿದುಕೊಂಡಳು. ಜಯತೀರ್ಥ ಅದನ್ನು ಕಂಡ. ಇಲ್ಲೇ ಕಾರು ನಿಲ್ಲಿಸಿ ತಪ್ಪಾಯಿತು ಎನ್ನಬೇಕು ಎನಿಸಿತು. ಬದಲಿಗೆ ಹ್ಯಾಂಡಲ್ ತಿರುಗಿಸಿ ತನ್ನ ಕಡೆಯ ಗಾಜನ್ನು ಪೂರ್ತಿ ಏರಿಸಿದ.

"ಇಷ್ಟು ಸೆಕೆಗೆ ಯಾಕೆ ಹಾಕ್ತೀರಿ?" ಎಂದಳು.

"ಗಾಳಿ," ಎಂದ. "ಗಾಳಿಗೆ ವಾಸನೆ ಹೋಗ್ಬಿಡತ್ತೆ."

ತಪ್ಪು ಮಾಡಿದವಳು ತಾನೆಂಬಂತೆ ನಿರುಪಮಾ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.